ಮಾಬಮ್ಮನನ್ನು ಕಂಡರೆ ಕೂಗುವ ಕಾರು

ಮೊನ್ನೆ ಕೊಪ್ಪಳದ ಬಸ್ ನಿಲ್ದಾಣದ ಎದುರಿನ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕುಳಿತಿದ್ದೆ. ಕುಳಿತಿದ್ದೆ ಎನ್ನುವುದು ದೊಡ್ಡ ಮಾತು. ಅಂಗಡಿಯವನು ಒಂದು ತಗಡಿನ ಡಬ್ಬ ಬೋರಲು ಹಾಕಿ "ಕುಂದರ್ರಿ ಸರ" ಎಂದಿದ್ದ. ಆ ಡಬ್ಬ ನನ್ನ ಭಾರಕ್ಕೆ ಕಿರುಗುಟ್ಟುತ್ತಿದ್ದುದರಿಂದ ನಾನು ಅರ್ಧ ಕುಳಿತು ಅರ್ಧ ನಿಂತಿದ್ದೆ. ಅವನು ನನ್ನ ಫೋನಿನ ಹೊಟ್ಟೆ ಬಗೆದು, ಕಾದ ಕಡ್ಡಿಯನ್ನು ಒಳಗೆಲ್ಲೋ ತಾಗಿಸಿದ. ಸಣ್ಣಗೆ ಒಂದು ಎಳೆ ಹೊಗೆ ಎದ್ದಿತು. ಬೆಸುಗೆಯ ತಂತಿಯೊಳಗಿನ ರಾಳ ಕರಗಿದಾಗ ಏಳುವ ಹೊಗೆ ಅದು. ನೀವು ಮೂಸಿದ್ದರೆ ಗೊತ್ತಿರುತ್ತದೆ. ಅರ್ಧ ಲೋಬಾನ, ಅರ್ಧ ಸುಟ್ಟ ತಗಡು. ಮೂಗಿಗೆ ಅಷ್ಟೇನೂ ಹಿತವಾದುದಲ್ಲ. ಆದರೂ ನಾನು ಮುಂದೆ ಬಾಗಿ ಇನ್ನೊಮ್ಮೆ ಎಳೆದುಕೊಂಡೆ. ಅಂಗಡಿಯವನು ತಲೆಯೆತ್ತಿ, "ದೂರ ಕುಂದರ್ರಿ ಸರ, ಕೆಮ್ಮು ಬರ್ತೈತಿ" ಎಂದ. ಅವನಿಗೇನು ಗೊತ್ತು, ನಾನು ಆಗಲೇ ಕುಷ್ಟಗಿಯ ಒಂದು ಓಣಿಗೆ ಹೋಗಿಬಿಟ್ಟಿದ್ದೆ.

ಆ ಓಣಿಯಲ್ಲಿ ನನ್ನ ಅಕ್ಕ ಗಿರಿಜಾ ಇದ್ದಾಳೆ. ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲ, ನನಗಂತೂ ಈಗಲೂ ಇಲ್ಲ. ನಿವೃತ್ತಿಯಾದ ಮೇಲೆ ಉಳಿದವರು ತೀರ್ಥಯಾತ್ರೆಗೆ ಹೋದರೆ ಇವಳು ಡ್ರೈವಿಂಗ್ ಸ್ಕೂಲಿಗೆ ಹೋದಳು. ಆಮೇಲೆ ಒಂದು ಹಳೆಯ ಚಿಕ್ಕ ಕಾರು ಕೊಂಡಳು. ಬಣ್ಣ ಬೂದಿಯೋ ನೀಲಿಯೋ ಎಂದು ಇನ್ನೂ ತೀರ್ಮಾನವಾಗಿಲ್ಲ. ನಾನು ಕೊಪ್ಪಳದಲ್ಲಿ ಒಂದು ಕಚೇರಿಯಲ್ಲಿ ಗುಮಾಸ್ತ. ಕಡತದ ದಾರ ಬಿಚ್ಚುವುದು, ಕಟ್ಟುವುದು, ಇಷ್ಟೇ ನನ್ನ ಯಂತ್ರಜ್ಞಾನ. ಆದ್ದರಿಂದ ಭಾನುವಾರ ಅವಳ ಮನೆಗೆ ಹೋದಾಗಲೆಲ್ಲ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಟೈರಿಗೆ ಮೆಲ್ಲಗೆ ಒದ್ದು, ತಿಳಿದವನ ಹಾಗೆ ತಲೆಯಾಡಿಸುತ್ತಿದ್ದೆ.

ಕಾರೇನೋ ಬಂತು, ನಿಲ್ಲಿಸಲು ಜಾಗವೆಲ್ಲಿ? ಅಕ್ಕನ ಮನೆಯ ಮುಂದೆ ಗಟಾರ ಅಡ್ಡ. ಹೀಗಾಗಿ ಅದು ಪಕ್ಕದ ಮನೆಯ ಗೋಡೆಗೆ ಒತ್ತಿಕೊಂಡು, ಅವರ ಕಬ್ಬಿಣದ ಗೇಟಿನ ಪಕ್ಕದಲ್ಲೇ ನಿಲ್ಲಬೇಕಾಯಿತು. ಆ ಮನೆ ಮಾಬಮ್ಮನದು. ಅವಳ ಗಂಡ ಸಂತೆಯಿಂದ ಸಂತೆಗೆ ಬಳೆ ಮಾರಲು ಹೋಗುತ್ತಾನೆ. ಯಲಬುರ್ಗಾ, ತಾವರಗೇರಾ, ಗಂಗಾವತಿ ಎಂದು ತಿರುಗಿ, ಮನೆಯಲ್ಲಿ ನೆಂಟನಂತೆ ಇರುತ್ತಾನೆ. ಅಕ್ಕನಿಗಿಂತ ಮಾಬಮ್ಮ ಚಿಕ್ಕವಳು, ದನಿ ಮಾತ್ರ ದೊಡ್ಡದು. ಇಬ್ಬರದೂ ಬಹಳ ವರ್ಷದ ಸ್ನೇಹ. ಆ ಮನೆಯಿಂದ ಈ ಮನೆಗೆ ಹೋದ ಬಟ್ಟಲು ಎಂದೂ ಬರಿದಾಗಿ ವಾಪಸು ಬಂದದ್ದಿಲ್ಲ. ರಂಜಾನಿಗೆ ಸುರಕುಂಬಾ ಪಾಯಸ ಬಂದ ಬಟ್ಟಲಿನಲ್ಲಿ ಹೋಳಿಗೆ ಹೋಗುತ್ತಿತ್ತು. ಅದರಲ್ಲೇ ಇನ್ನೇನೋ ಬರುತ್ತಿತ್ತು. ಆ ಬಟ್ಟಲು ಮೂಲತಃ ಯಾರದು ಎಂಬುದನ್ನು ಇಬ್ಬರೂ ಮರೆತಿದ್ದರು.

ಕುಷ್ಟಗಿಯ ಬಿಸಿಲು ನಿಮಗೆ ಗೊತ್ತಲ್ಲ. ಆ ಬಿಸಿಲಿಗೆ ನಿಂತ ಕಾರಿನ ಬಾನೆಟ್ಟು ಎಂಥ ಅನುಕೂಲದ ವಸ್ತು ಎಂಬುದನ್ನು ಕಾರು ತಯಾರಿಸಿದವರು ಊಹಿಸಿರಲಿಕ್ಕಿಲ್ಲ. ಮಾಬಮ್ಮ ಮೊದಲ ವಾರವೇ ಕಂಡುಕೊಂಡಳು. ಒಂದು ದಿನ ಅದರ ಮೇಲೆ ಹಪ್ಪಳ, ಒಂದು ದಿನ ಶಾವಿಗೆ, ಒಂದು ದಿನ ಕೆಂಪು ಮೆಣಸಿನಕಾಯಿ. ಅಕ್ಕ ಪೇಟೆಗೆ ಹೊರಡಬೇಕೆಂದರೆ ಶಾವಿಗೆ ಒಣಗುವ ತನಕ ಕಾಯಬೇಕು. ಗೆಳತಿಗೆ ಹೇಳಲು ಸಂಕೋಚ. ತರಗತಿಯಲ್ಲಿ ಒಂದು ಇಡೀ ತಲೆಮಾರನ್ನು ಬೈದ ಅಕ್ಕನಿಗೆ, ಗೋಡೆಯಾಚೆಯ ಒಬ್ಬ ಹೆಂಗಸಿಗೆ "ಇಲ್ಲಿ ಇಡಬ್ಯಾಡ" ಎನ್ನಲು ಬಾಯಿ ಬರಲಿಲ್ಲ. ಬಾಯಿಲ್ಲದವರು ಮಾಡುವ ಕೆಲಸವನ್ನೇ ಅವಳೂ ಮಾಡಿದಳು: ಯಂತ್ರಕ್ಕೆ ಬಾಯಿ ಕೊಟ್ಟಳು. ಗಂಗಾವತಿಗೆ ಹೋಗಿ ಕಾರಿಗೊಂದು ಅಲಾರಂ ಹಾಕಿಸಿಕೊಂಡು ಬಂದಳು.

ನಾನೂ ಜೊತೆಗೆ ಹೋಗಿದ್ದೆ. ಅಂಗಡಿಯವನು ಸ್ಟೇರಿಂಗಿನ ಕೆಳಗೆ ತಲೆ ಹಾಕಿ, ಬಣ್ಣಬಣ್ಣದ ತಂತಿಗಳನ್ನು ಹಲ್ಲಿನಿಂದ ಕಚ್ಚಿ ಸಿಪ್ಪೆ ತೆಗೆದು, ಜಡೆ ಹೆಣೆದಂತೆ ತಿರುಚಿ, ಮೇಲೆ ಕರಿ ಟೇಪು ಸುತ್ತಿದ. ನಾನು ತರಿಸಿಕೊಂಡ ಚಹಾ ಆರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಕ್ಕ ಬಾಗಿ ನೋಡಿದಳು.

"ಬೆಸುಗಿ ಹಾಕಂಗಿಲ್ಲೇನಪಾ?"

"ಯಾಕ ಬೇಕ್ರಿ ಮೇಡಂ? ಟೇಪ್ ಐತಲ್ಲ. ನಿಮ್ಮ ಗಾಡಿಗಿಂತ ಹೆಚ್ಚು ಬಾಳಿಕಿ ಬರ್ತೈತಿ."

ಗಾಡಿಗೆ ಆದ ಅವಮಾನವನ್ನು ಅಕ್ಕ ನುಂಗಿಕೊಂಡಳು. ವಾಪಸು ಬರುವ ದಾರಿಯಲ್ಲಿ ಮಾತ್ರ ನನಗೆ, "ತಿರುಚಿದ ತಂತಿ ಕಾದ್ರ ಸಡ್ಲಾಕ್ಕಾವ, ತಣ್ಣಗಾದ್ರ ಬಿಗೀತಾವ. ಬೆಸುಗಿ ಹಾಕಿದ್ರ ಎರಡೂ ಒಂದಾ ಆಗ್ತಾವ" ಎಂದು ಪಾಠ ಹೇಳಿದಳು. ನಾನು ಎಂದಿನಂತೆ ಕಿಟಕಿಯ ಹೊರಗೆ ಭತ್ತದ ಗದ್ದೆ ನೋಡುತ್ತಿದ್ದೆ.

ಮರುದಿನ ಬೆಳಿಗ್ಗೆ ಮಾಬಮ್ಮ ಮೆಣಸಿನಕಾಯಿಯ ದೊಡ್ಡ ತಟ್ಟೆ ತಂದು ಬಾನೆಟ್ಟಿನ ಮೇಲೆ ಇಟ್ಟಳು. ಕಾರು ಪ್ರಾಣ ಹೋದಂತೆ ಕಿರುಚಿತು. ಮೆಣಸಿನಕಾಯಿ ಓಣಿಯ ತುಂಬ ಹಾರಿದವು, ಮಾಬಮ್ಮ ನೆಲಕ್ಕೆ ಕುಕ್ಕರಿಸಿದಳು. ಅಕ್ಕ ಓಡಿ ಬಂದು ಕೈಯಲ್ಲಿನ ರಿಮೋಟು ಒತ್ತಿ ಅದರ ಬಾಯಿ ಮುಚ್ಚಿಸಿದಳು. ಆ ದಿನ ಇಬ್ಬರೂ ನಕ್ಕರಂತೆ. ಕೂಡಿ ಮೆಣಸಿನಕಾಯಿ ಆರಿಸಿದರಂತೆ. ಅಲ್ಲಿಗೇ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಮಾಬಮ್ಮ ತಟ್ಟೆ ಇಡುವುದನ್ನು ಬಿಟ್ಟಳು, ಕಾರು ಕೂಗುವುದನ್ನು ಬಿಡಲಿಲ್ಲ. ಅವಳು ನೀರು ತರಲು ಗೇಟು ತೆರೆದರೆ ಕೂಗು. ಕಸ ಚೆಲ್ಲಲು ತೆರೆದರೆ ಕೂಗು. ಗಂಡ ನಸುಕಿನಲ್ಲಿ ಸಂತೆಗೆ ಹೊರಡುವಾಗ ಒಮ್ಮೊಮ್ಮೆ ಸುಮ್ಮನಿರುತ್ತಿತ್ತು. ಮಾಬಮ್ಮ ಬಂದರೆ ಹೆಚ್ಚು ಕಡಿಮೆ ತಪ್ಪದೆ ಕೂಗುತ್ತಿತ್ತು. ಬಿಸಿಲೇರಿದ ಮೇಲೆ ಹೊರಬರುತ್ತಿದ್ದವಳು ಅವಳೇ ತಾನೆ? ಅದು ಯಾರ ತಲೆಗೂ ಹೊಳೆಯಲಿಲ್ಲ. ಅಕ್ಕ ಅಲಾರಮ್ಮಿನ ಡಬ್ಬಿಯಲ್ಲಿದ್ದ ಸಣ್ಣ ತಿರುಪು ತಿರುಗಿಸಿ ಅದರ ಸೂಕ್ಷ್ಮತೆ ತಗ್ಗಿಸಿದಳು. ಆದರೂ ಕೂಗಿತು. ಪೂರ್ತಿ ತಗ್ಗಿಸಿದಳು. ಆಗಲೂ ಕೂಗಿತು. ಓಣಿಯ ಜನ ಕಾರು ಕೂಗಿದಾಗಲೆಲ್ಲ, ಮುಖ ಹೊರಗೆ ಹಾಕಿ ನೋಡದೆಯೇ, "ಮಾಬಮ್ಮ ಹೊಂಟ್ಲು" ಎನ್ನತೊಡಗಿದರು.

ಇಂಥ ಮಾತು ತಮಾಷೆಯಾಗಿ ಹುಟ್ಟುತ್ತದೆ, ತಮಾಷೆಯಾಗಿ ಉಳಿಯುವುದಿಲ್ಲ. ಒಂದು ಭಾನುವಾರ ನಾನು ಹೋದಾಗ ಅಡುಗೆಮನೆಯ ಕಟ್ಟೆಯ ಮೇಲೆ ಆ ಬಟ್ಟಲು ಇತ್ತು. ತೊಳೆದು, ಒರೆಸಿ, ಬರಿದಾಗಿ ಕಳಿಸಿದ್ದಳು ಮಾಬಮ್ಮ. ಅಕ್ಕ ಅದನ್ನು ನನಗೆ ತೋರಿಸಲಿಲ್ಲ. ನಾನು ನೋಡಲಿ ಎಂದು ನಡುವೆ ಇಟ್ಟಿದ್ದಳು, ಅಷ್ಟೆ.

"ಮಾತಾಡಿಲ್ಲೇನು?" ಎಂದೆ.

"ಆಕಿ ಆಡಿದ್ರ ನಾ ಆಡ್ತೀನಿ."

ಗೋಡೆಯಾಚೆ ಹೋದೆ. ಮಾಬಮ್ಮ ಚಹಾ ಕೊಟ್ಟಳು, ಬಿಸ್ಕತ್ತು ಕೊಟ್ಟಳು, ಕೊನೆಗೆ ಒಂದು ಮಾತೂ ಕೊಟ್ಟಳು. "ನಿಮ್ಮಕ್ಕಗ ಹೇಳ್ರಿ, ಗಾಡಿ ಹೇಳೋ ಮಾತು ನನಗ ತಿಳೀತೈತಿ ಅಂತ." ನಾನು ಈ ಮಾತನ್ನು ಅಲ್ಲಿಂದ ಇಲ್ಲಿಗೆ ಒಯ್ಯಲಿಲ್ಲ. ಚಹಾ ಮಾತ್ರ ಎರಡೂ ಕಡೆ ಕುಡಿದೆ. ಆ ದಿನಗಳಲ್ಲಿ ನನ್ನ ರಾಜತಾಂತ್ರಿಕತೆಯೆಲ್ಲ ಹೊಟ್ಟೆಯೊಳಗೇ ನಡೆಯುತ್ತಿತ್ತು.

ಅಷ್ಟರಲ್ಲಿ ಮಾಬಮ್ಮನ ಮಗಳು ಹೆರಿಗೆಗೆಂದು ಬಂದು, ಹೆಣ್ಣುಕೂಸು ಹೆತ್ತಿದ್ದಳು. ಹಸಿ ಬಾಣಂತಿ ಇದ್ದ ಮನೆ. ಗೋಡೆಯಾಚೆ ಕಾರು. ಒಂದು ಮಧ್ಯಾಹ್ನ ಅಕ್ಕ, ನಾನು ಹಿಂದಿನ ಬೀದಿಯಲ್ಲಿ ಒಂದು ಊಟಕ್ಕೆ ಹೋಗಿ ಕೈ ಒರೆಸಿಕೊಳ್ಳುತ್ತಾ ಬರುತ್ತಿದ್ದೆವು. ಓಣಿಯ ತಿರುವಿನಲ್ಲಿ, ಬಾಯಿ ಕಟ್ಟಿದ ಎಮ್ಮೆಕರು ಕೂಗಿದಂಥ ಶಬ್ದ. ಮುಂದೆ ಹೋಗಿ ನೋಡಿದರೆ ನಮ್ಮ ಕಾರೇ ಕಾಣಲಿಲ್ಲ. ಕೌದಿಗಳ ಒಂದು ಗುಡ್ಡ ನಿಂತಿತ್ತು. ಬಾನೆಟ್ಟಿನ ಮೇಲೆ, ಮುಂದಿನ ಜಾಲರಿಯ ಮೇಲೆ, ಮನೆಯಲ್ಲಿದ್ದ ಕೌದಿ, ಗಾದಿ, ರಗ್ಗು, ಎಲ್ಲ ಹೊದಿಸಿ, ಮೇಲೊಂದು ತಲೆದಿಂಬು. ಚಳಿಜ್ವರ ಬಂದವರ ಹಾಗೆ ಕಾರು ಒಳಗೆ ನರಳುತ್ತಿತ್ತು. ಓಣಿಯವರು ಸುತ್ತ ನಿಂತಿದ್ದರು. ಮಾಬಮ್ಮ ತನ್ನ ಮೆಟ್ಟಿಲ ಮೇಲೆ ಕೈಕಟ್ಟಿ ನಿಂತಿದ್ದಳು.

"ಇದನ್ಯಾರು ಹೊಚ್ಚ್ಯಾರ?" ಎಂದಳು ಅಕ್ಕ, ತರಗತಿಯ ದನಿಯಲ್ಲಿ.

"ನಾನಾ ಹೊಚ್ಚೀನಿ. ಕೂಸು ಈಗರ ಕಣ್ಣು ಮುಚ್ಚಿತ್ತು. ಗೇಟಿಗೆ ಕೈ ಹಚ್ಚಿಲ್ಲ, ಕೂಗಾಕ ಸುರು ಮಾಡ್ತು." ಮಾಬಮ್ಮ ಕಟ್ಟಿದ ಕೈ ಬಿಚ್ಚಿದಳು. "ಟೀಚರ್ರೀ, ನಿಮ್ಮ ಗಾಡಿ ಮ್ಯಾಲ ಕಾಳುಕಡಿ ಇಡಬ್ಯಾಡ ಅಂತ ಬಾಯಿಲೇ ಒಂದು ಮಾತು ಹೇಳಿದ್ರ ನಾ ಇಡ್ತಿದ್ದಿಲ್ಲ. ಇಷ್ಟು ಮಂದಿ ಮುಂದ ದಿನಾ ಕಳ್ಳಿ ಅಂತ ಕೂಗಸ್ತೀರಲ್ಲ, ಏನ್ ಕದ್ದೀನ್ರೀ ನಾ ನಿಮ್ಮನ್ಯಾಗ?"

ಅಕ್ಕ ಕೈಚೀಲದಿಂದ ರಿಮೋಟು ತೆಗೆದಳು. ಒತ್ತಲು ಹೋದಳು. ಹೆಬ್ಬೆರಳು ಗುಂಡಿಯ ಮೇಲೆ ನಿಲ್ಲಲಿಲ್ಲ. ಪಕ್ಕದ ಗುಂಡಿ ಒತ್ತಿತು, ದನಿ ಇನ್ನೂ ಜೋರಾಯಿತು. ಮತ್ತೆ ಒತ್ತಲು ಹೋದಾಗ ರಿಮೋಟು ಕೈಜಾರಿ ಕೆಳಗೆ ಬಿತ್ತು. ಸಿಟ್ಟಿಗೆ ನಡುಗುತ್ತಿದ್ದಾಳೆ ಎಂದುಕೊಂಡೆ ನಾನು. ಪ್ರತಿ ಭಾನುವಾರ ಎದುರು ಕೂತು ಉಣ್ಣುವ ತಮ್ಮ, ಸಿಟ್ಟೆಂದುಕೊಂಡೆ.

ಮಾಬಮ್ಮ ಮೆಟ್ಟಿಲು ಇಳಿದು ಬಂದು ರಿಮೋಟು ಎತ್ತಿದಳು, ತಾನೇ ಒತ್ತಿದಳು. ಓಣಿ ಒಮ್ಮೆಲೇ ಶಾಂತವಾಯಿತು. ಅವಳು ರಿಮೋಟು ವಾಪಸು ಕೊಡಲಿಲ್ಲ. ಅಕ್ಕನ ಬಲಗೈ ಹಿಡಿದುಕೊಂಡು ನೋಡಿದಳು. ಹಿಡಿದ ಮೇಲೂ ಬೆರಳು ಸಣ್ಣಗೆ ಆಡುತ್ತಲೇ ಇದ್ದವು.

"ಯಾವಾಗಿಂದ್ರೀ ಇದು?"

"ಆತು, ಭಾಳ ದಿನಾ ಆತು."

"ನನಗ ಯಾಕ ಹೇಳಲಿಲ್ಲ?"

"ಹೇಳಬೇಕಂದ್ರ ನೀ ಮಾತು ಬಿಟ್ಟಿದ್ದಿಯಲ್ಲ" ಎಂದಳು ಅಕ್ಕ. ಅವಳ ಕಣ್ಣಲ್ಲಿ ನೀರು ನಿಂತದ್ದನ್ನು ನಾನು ಅಪ್ಪ ತೀರಿದಾಗಲೂ ನೋಡಿರಲಿಲ್ಲ.

ಓಣಿಯವರಿಗೆ ಎಲ್ಲಿ ನೋಡಬೇಕೋ ತಿಳಿಯದೆ ಎಲ್ಲರೂ ಕಾರನ್ನೇ ನೋಡತೊಡಗಿದರು. ಆಗ ಕೇಳಿ ಏನಾಯಿತು ಅಂತ: ಯಾರೂ ಮುಟ್ಟಿಲ್ಲ, ಯಾರೂ ಅಲುಗಿಲ್ಲ, ಗೇಟು ತನ್ನ ಪಾಡಿಗೆ ನಿಂತಿದೆ, ಕೌದಿಗಳ ಒಳಗಿನಿಂದ ಕಾರು ತಾನಾಗಿಯೇ ಮತ್ತೆ ಕೂಗಲು ಶುರುಮಾಡಿತು.

ಮಾಬಮ್ಮ ಗುಂಡಿ ಒತ್ತಿದಳು. ಅಕ್ಕನ ಮುಖ ನೋಡಿದಳು. "ಈಗ ಯಾರನ್ನ ಕಂಡ್ತರೀ ಇದು? ನಿಮ್ಮನ್ನೋ, ನನ್ನನ್ನೋ?"

ಮೊದಲು ನಕ್ಕವಳು ಅಕ್ಕ. ಆಮೇಲೆ ಇಬ್ಬರೂ ನಗತೊಡಗಿದರು. ಮಾಬಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು, ಕೂಸು ಏಳುತ್ತದೆಂದು.

ನಗು ಮುಗಿದ ಮೇಲೆ ಅಕ್ಕ ಟೀಚರ್ ಆದಳು. ಕಾರಿನೊಳಗೆ ಕುಳಿತು, ಸ್ಟೇರಿಂಗಿನ ಕೆಳಗೆ ಕೈ ಹಾಕಿ, ಕರಿ ಟೇಪಿನ ಗಂಟುಗಳನ್ನು ಒಂದೊಂದಾಗಿ ಅಲುಗಿಸಿದಳು. ಬಿಸಿಲಿಗೆ ಟೇಪಿನ ಅಂಟು ಕರಗಿ ಬೆಲ್ಲದ ಪಾಕವಾಗಿತ್ತು. ಬಾಗಿಲಿನ ಕಡೆಯಿಂದ ಬಂದ ತಂತಿಯ ಜಡೆ ಮುಟ್ಟಿದರೆ ಸಾಕು, ಕಾರು ಕೂಗುತ್ತಿತ್ತು. ಬಾಗಿಲು ಯಾರೋ ತೆರೆದರು ಎಂದು ಅದು ಅಂದುಕೊಳ್ಳುತ್ತಿತ್ತಂತೆ. ಗೇಟು ತೆರೆದ ಅದುರುವಿಕೆಗೂ ಅಷ್ಟೆ, ಬರೀ ಬಿಸಿಲಿಗೂ ಅಷ್ಟೆ. "ಇದಕ್ಕ ಬೆಸುಗಿ ಹಾಕಬೇಕು" ಎಂದಳು. ಶಾಲೆಯಲ್ಲಿ ಮಕ್ಕಳಿಗೆ ಪ್ರಯೋಗ ತೋರಿಸಲು ತಾನೇ ಕೊಂಡಿದ್ದ ಬೆಸುಗೆ ಕಡ್ಡಿ ಕಪಾಟಿನಲ್ಲಿತ್ತು. ವೈರು ಮಾತ್ರ ಅಕ್ಕನ ಮನೆಯಿಂದ ಗಟಾರ ದಾಟುವಷ್ಟು ಉದ್ದವಿರಲಿಲ್ಲ. ಕರೆಂಟು ಮಾಬಮ್ಮನ ಕಿಟಕಿಯಿಂದ ಬಂತು.

ಕಡ್ಡಿ ಕಾಯಿತು. ಅಕ್ಕನ ಕೈಯಲ್ಲಿ ಅದರ ತುದಿ ಗಾಳಿಯಲ್ಲಿ ಅಕ್ಷರ ಬರೆಯುತ್ತಿತ್ತು. ಅವಳು ಮಾತಿಲ್ಲದೆ ನನಗೆ ಕೊಟ್ಟಳು. ನಾನು ತಂತಿಗೆ ಒಂದು ಹನಿ ಬೆಸುಗೆ ಬಿಡಲು ಹೋಗಿ ಸೀಟಿನ ಬಟ್ಟೆಗೆ ಒಂದು ಹನಿ ಬಿಟ್ಟೆ. ಆ ತೂತು ಇನ್ನೂ ಇದೆ; ಅಕ್ಕ ಬಂದವರಿಗೆಲ್ಲ ತೋರಿಸುತ್ತಾಳೆ. "ತಮ್ಮಾ, ನೀ ಬ್ಯಾಟರಿ ಹಿಡಿ" ಎಂದಳು. ನಾನು ಬ್ಯಾಟರಿಯ ಬೆಳಕು ಹಿಡಿದೆ. ನಡುಹಗಲಿನಲ್ಲಿ ಬ್ಯಾಟರಿ ಹಿಡಿದು ನಿಲ್ಲುವುದಕ್ಕೂ ಒಂದು ಗತ್ತು ಬೇಕು.

"ತರ್ರಿ ಇಲ್ಲೆ" ಎಂದಳು ಮಾಬಮ್ಮ. ಅವಳ ಅಪ್ಪ ತಾವರಗೇರಾದಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದವನು, ಸ್ಟೋವು ಲಾಟೀನುಗಳಿಗೆ ಬೆಸುಗೆ ಹಾಕುತ್ತಿದ್ದವನು. ಅದನ್ನು ಅವಳು ಓಣಿಗೆಲ್ಲ ಕೇಳುವಂತೆ ಹೇಳಿದಳು. ಒಳಗೆ ಹೋಗಿ ಒಂದು ಡಬ್ಬಿ ತಂದಳು. "ನವಸಾಗರ. ಇದನ್ನ ಒಂಚೂರು ಉದುರಿಸಿದ್ರ ಬೆಸುಗಿ ತಾನಾ ಹರೀತೈತಿ."

"ಬ್ಯಾಡವಾ! ಪಾತ್ರಿಗಾದ್ರ ಛಲೋ. ಇಂಥ ಸಣ್ಣ ತಾಮ್ರದ ಎಳೀನ ಅದು ತಿಂದು ಹಾಕ್ತೈತಿ. ಈ ತಂತಿಯೊಳಗ ರಾಳ ಐತಿ, ಅದಾ ಸಾಕು."

"ನಮ್ಮಪ್ಪ ಇದ್ದಿದ್ರ ನಿಮಗ ನಾಕು ಮಾತು ಅಂತಿದ್ದ."

"ಇದ್ದಿದ್ರ ನಾನೂ ನಾಕು ಅಂತಿದ್ದೆ. ಹಿಡಿ."

ಮಾಬಮ್ಮ ಹಿಡಿದಳು. ಆ ಕೈ, ಏನು ಹೇಳಲಿ, ಗೋಡೆಗೆ ಮೊಳೆ ಹೊಡೆದಂತೆ ನಿಂತಿತು. ಆದರೆ ಅವಳು ಬೆಸುಗೆಯನ್ನು ಕಡ್ಡಿಗೇ ತಾಗಿಸಿ ಗುಂಡು ಮಾಡಿ ತಂತಿಯ ಮೇಲೆ ಕೂರಿಸಿದಳು. ಅದು ತಣ್ಣಗಾಗಿ ಉದುರಿತು. "ಕಡ್ಡಿಗಲ್ಲ, ತಂತಿಗಿ" ಎಂದಳು ಅಕ್ಕ. "ತಂತೀನ ಕೆಳಗಿಂದ ಕಾಸು. ಮ್ಯಾಲಿಂದ ಬೆಸುಗಿ ಮುಟ್ಟಸು. ತಂತಿ ಕಾದಿದ್ರ ತಾನಾ ಕುಡೀತೈತಿ. ಅವಸರ ಮಾಡಬ್ಯಾಡ." ಮಾಬಮ್ಮ ಉಸಿರು ಹಿಡಿದಳು. ನಾನೂ ಹಿಡಿದೆ, ನನಗೇನೂ ಕೆಲಸವಿರದಿದ್ದರೂ. ಸಣ್ಣ ಹೊಗೆ ಎದ್ದು ಮೂವರ ಮುಖಕ್ಕೂ ಬಡಿಯಿತು. ಬೆಳ್ಳಗೆ ಹೊಳೆಯುವ ಬೆಸುಗೆ ಎಳೆಎಳೆಯ ಸಂದಿಗೆ ಇಳಿದು, ಎರಡು ತುಂಡು ಒಂದೇ ತುಂಡಾಯಿತು.

"ಅಲುಗಸಬ್ಯಾಡ, ಆರ್ಲಿ" ಎಂದು ಅಕ್ಕ ಪಿಸುಗುಟ್ಟಿದಳು. ಆರಿತು. ಎಷ್ಟು ಚೆಂದದ ಬೆಸುಗೆ! ಆಮೇಲೆ ಅಕ್ಕ ತನ್ನ ಮಡಿಲು ನೋಡಿಕೊಂಡಳು. ಬೆಸುಗೆಯ ಮೇಲೆ ಎಳೆದು ಮುಚ್ಚಬೇಕಾಗಿದ್ದ ಪುಟ್ಟ ರಬ್ಬರು ಕೊಳವೆ ಅಲ್ಲೇ ಕುಳಿತಿತ್ತು. ಅದನ್ನು ಮೊದಲೇ ತಂತಿಗೆ ಪೋಣಿಸಿಕೊಳ್ಳಬೇಕಿತ್ತು.

"ಅಯ್ಯ, ಬಳಿ ತೊಡಸೂದು ಬಿಟ್ಟು ಕೈ ಕಟ್ಟಿಬಿಟ್ವಿ!" ಎಂದಳು ಬಳೆಗಾರನ ಹೆಂಡತಿ.

ಕತ್ತರಿಸಿ ಮತ್ತೆ ಹಾಕಿದರು. ಈ ಸಲ ಅಕ್ಕ ಬಾಯಿ ತೆರೆಯುವ ಮೊದಲೇ ಮಾಬಮ್ಮ ಕೊಳವೆ ಪೋಣಿಸಿದಳು. ಸಂಜೆಯ ಹೊತ್ತಿಗೆ ಉಳಿದ ಗಂಟುಗಳೆಲ್ಲ ಬೆಸುಗೆಯಾದವು. ಗೇಟು ತೆರೆದು ನೋಡಿದರು, ದಡಾರನೆ ಮುಚ್ಚಿ ನೋಡಿದರು. ಕಾರು ತುಟಿಪಿಟಿಕ್ಕೆನ್ನಲಿಲ್ಲ. ಒಳಗೆ ಕೂಸು ಮಾತ್ರ ಎದ್ದು ಅತ್ತಿತು. ಅದನ್ನು ಅಕ್ಕನ ಮಡಿಲಿಗೆ ಹಾಕಿದರು. ಮಡಿಲಲ್ಲಿದ್ದ ಕೂಸಿನ ಬೆನ್ನ ಮೇಲೆ ಅವಳ ಕೈ ನಡುಗುತ್ತಿತ್ತು, ತಟ್ಟಿದಂತೆಯೇ ಇತ್ತು, ಕೂಸು ಮಲಗಿಬಿಟ್ಟಿತು.

ಕೆಲವು ತಿಂಗಳ ನಂತರ ಡಾಕ್ಟರು ಅಕ್ಕನಿಗೆ ಇನ್ನು ಕಾರು ಓಡಿಸುವುದು ಬೇಡ ಎಂದರು. ನನಗೆ ಈ ಸುದ್ದಿ ಮಾಬಮ್ಮನಿಂದ ತಿಳಿಯಿತು. ಕಾರು ಮಾರುತ್ತಾಳೆ ಎಂದುಕೊಂಡು, ಸಮಾಧಾನದ ನಾಲ್ಕು ಮಾತು ಜೋಡಿಸಿಕೊಂಡು ಭಾನುವಾರ ಹೋದೆ. ಮನೆ ಬೀಗ. ಹುಡುಕುತ್ತಾ ಹೋದರೆ ಊರ ಹೊರಗಿನ ಬಯಲಿನಲ್ಲಿ ಧೂಳು ಏಳುತ್ತಿತ್ತು, ಧೂಳಿನೊಳಗಿಂದ ಅಕ್ಕನ ದನಿ ಬರುತ್ತಿತ್ತು: "ಅವಸರ ಮಾಡಬ್ಯಾಡ! ಕ್ಲಚ್ ಮೆಲ್ಲಕ ಬಿಡು!" ಮಾಬಮ್ಮ ಡ್ರೈವಿಂಗ್ ಸ್ಕೂಲಿಗೂ ಹೋದಳು, ಲೈಸೆನ್ಸೂ ಪಡೆದಳು. ಗಂಡ ಮಾತ್ರ ಇನ್ನೂ ಬಳೆಯ ಗಂಟು ಹೊತ್ತು ಬಸ್ಸಿಗೇ ಹೋಗುತ್ತಾನೆ. ಒಡೆಯುವ ಸಾಮಾನು, ರಿಸ್ಕು ಬೇಡವಂತೆ.

"ತಗೋರಿ ಸರ, ಆತು" ಎಂದು ಕೊಪ್ಪಳದ ಅಂಗಡಿಯವನು ಫೋನು ಕೈಗಿತ್ತ. ಚಾಲೂ ಮಾಡಿದ್ದೇ ತಡ, ಅಕ್ಕನನ್ನು ಡಾಕ್ಟರಿಗೆ ತೋರಿಸಲು ಕಾರಿನಲ್ಲಿ ಕರೆತಂದಿದ್ದ ಮಾಬಮ್ಮನ ದನಿ: "ಎಲ್ಲಿ ಅದೀರಿ? ಡಾಕ್ಟರ್ ಹಂತ್ಯಾಕ ಕೆಲಸ ಮುಗೀತು. ರೋಡಿಗಿ ಬಂದು ನಿಂದರ್ರಿ, ಇಲ್ಲೆ ಬಸ್ ಹಾರ್ನ್ ಹೊಡ್ಯಾಕತ್ತಾವ." ಹೋಗಿ ಹಿಂದಿನ ಸೀಟಿನಲ್ಲಿ ಕುಳಿತೆ. ರೈಲು ಹಳಿಯ ಮೇಲಿನ ಸೇತುವೆಯ ಏರಿನಲ್ಲಿ ವಾಹನಗಳ ಸಾಲು ನಿಂತಿತು, ನಾವೂ ನಡು ಏರಿನಲ್ಲಿ ನಿಂತೆವು. ಹಿಂದೆ ಒಂದು ಲಾರಿ. ಸಾಲು ಹೊರಟಾಗ ನಮ್ಮ ಕಾರು ಕೆಮ್ಮಿ ಬಂದಾಯಿತು. ಲಾರಿಯವನು ಹಾರ್ನಿನಿಂದ ಕೈ ತೆಗೆಯಲಿಲ್ಲ. ಮಾಬಮ್ಮನ ಕತ್ತು ಬೆವರಿತು.

"ಹೇಳ್ರಿ ಟೀಚರ್, ಏನ್ ಮಾಡ್ಲಿ?"

ನನ್ನ ನಾಲಿಗೆಯ ತುದಿಯಲ್ಲಿ ಸಲಹೆಗಳ ಒಂದು ದಂಡೇ ಬಂದು ನಿಂತಿತು. ಓಡಿಸಲು ಬಾರದವನಿಗೆ ಸಲಹೆಗೇನು ಕಡಿಮೆ? ಅಕ್ಕ ತಿರುಗಿ ನನ್ನನ್ನೊಮ್ಮೆ ನೋಡಿದಳು. ನಾನು ನುಂಗಿಕೊಂಡೆ. ಅವಳು ಕಿಟಕಿಯಾಚೆ ನೋಡುತ್ತಾ, "ನನ್ನೇನ್ ಕೇಳ್ತಿ? ಓಡಸಾಕಿ ನೀನು" ಎಂದಳು.

ಮಾಬಮ್ಮ ಕೀಲಿ ತಿರುಗಿಸಿದಳು. ಕಾರು ಗೇಣಷ್ಟು ಹಿಂದೆ ಜಾರಿತು, ನಾನು ಕಣ್ಣು ಮುಚ್ಚಿದೆ. ತೆರೆದಾಗ ಅದು ಮೆಲ್ಲಗೆ ಏರುತ್ತಿತ್ತು. ಸೇತುವೆಯ ನೆತ್ತಿ ಮುಟ್ಟುವವರೆಗೆ ಅಕ್ಕ ಒಂದು ಮಾತೂ ಆಡಲಿಲ್ಲ. ಜೀವಮಾನವೆಲ್ಲ ಪಾಠ ಹೇಳಿದವಳಿಗೆ ಅದೆಷ್ಟು ಕಷ್ಟವಾಗಿರಬೇಕು ಎಂದು ನನಗೆ ಆಗ ಅನ್ನಿಸಿತು.

"ಏರಿತಲ್ರೀ?" ಎಂದಳು ಮಾಬಮ್ಮ, ಇನ್ನೂ ನಂಬಿಕೆ ಬಾರದೆ.

"ಏರಿತವಾ" ಎಂದಳು ಅಕ್ಕ.